ಗೇರಿನ ತವರಿನಲ್ಲಿ ನಾನು ಮಾಡಿದ ಅನಾಹುತ

ಇಪ್ಪತ್ತೆಂಟು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದವಳಿಗೆ ಗೇರಿನ ವಿಷಯ ಹೊಸದಾಗಿ ಕಲಿಸುವವರು ಭೂಮಿಯ ಮೇಲೆ ಯಾರೂ ಇಲ್ಲ ಎಂಬ ಅಹಂಕಾರ ಹೊತ್ತುಕೊಂಡೇ ನಾನು ಬ್ರೆಜಿಲಿಗೆ ಹೋದೆ. ಸೂಟ್‌ಕೇಸಿನಲ್ಲಿ ನಾಲ್ಕು ಸೀರೆ, ಎರಡು ಬಾಟಲಿ ಮಾವಿನಮಿಡಿ ಉಪ್ಪಿನಕಾಯಿ ಇದ್ದವು. ಕುದ್ರೋಳಿಯ ಮನೆಯಿಂದ ಹೊರಡುವಾಗ ನನ್ನ ಗಂಡ, "ಅಲ್ಲಿ ಎಲ್ಲರಿಗೂ ಬುದ್ಧಿ ಹೇಳ್ಲಿಕ್ಕೆ ಹೋಗ್ಬೇಡ" ಎಂದಿದ್ದರು. ಬುದ್ಧಿ ಹೇಳುವುದಕ್ಕೇ ಟಿಕೆಟ್ ಮಾಡಿ ಕಳಿಸುತ್ತಿರುವಾಗ ಇದೆಂಥ ಮಾತು ಎಂದು ನನಗೆ ಸಿಟ್ಟು ಬಂದಿತ್ತು.

ವಿಷಯ ಇಷ್ಟೆ. ಬ್ರೆಜಿಲಿನ ಈಶಾನ್ಯ ಕರಾವಳಿಯಲ್ಲಿ ಹೆಂಗಸರೇ ಹೆಚ್ಚಾಗಿರುವ ಒಂದು ಸಣ್ಣ ಸಹಕಾರಿ ಸಂಘ ನಮ್ಮ ಧಣಿಗಳಿಂದ ಬೀಜ ಒಡೆಯುವ ಆರು ಮೆಷಿನ್ ತರಿಸಿಕೊಂಡಿತ್ತು. ಕಾಲಿನಿಂದ ಒತ್ತುವ ಹಳೆಯ ಮಾದರಿಯವು. ಅವುಗಳ ಜೊತೆಗೆ ಮೂರು ವಾರಕ್ಕೆ ಇಬ್ಬರು ಮನುಷ್ಯರು. ಮೆಷಿನ್ ಕೂರಿಸಲು ಫಳ್ನೀರಿನ ವಿಕ್ಟರ್ ಪೊರ್ಬುಗಳು, ತಿರುಳು ತುಂಡಾಗದಂತೆ ತೆಗೆಯುವುದನ್ನು ಕಲಿಸಲು ನಾನು, ಸೂಪರ್‌ವೈಸರ್ ರೇವತಿ. ಪೊರ್ಬು ಎಂದರೆ ತುಳುವಿನಲ್ಲಿ ನಾವು ಕೊಂಕಣಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹೆಸರು. ಇವರು ಮೊಜಾಂಬಿಕಿನ ಗೇರು ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ಇದ್ದು ಪೋರ್ಚುಗೀಸ್ ಕಲಿತವರು. ನಮ್ಮಿಬ್ಬರ ಮಾತು ತುಳುವಿನಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಫೋರ್ತಲೇಜಾ, ಇಳಿದ ದಿನ

ಒಂಬತ್ತು ಗಂಟೆಗೆ ಸಂಘದ ಜೀಪು ಬರುತ್ತದೆ ಎಂದಿದ್ದರು. ಬಂದದ್ದು ಹನ್ನೆರಡೂವರೆಗೆ. ಪಂಪ್‌ವೆಲ್ ಫ್ಲೈಓವರ್ ಆಗುವುದನ್ನು ವರ್ಷಗಟ್ಟಲೆ ಕಾದು ಕೂತ ಊರಿನವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ನಿಜ. ಆದರೆ ಹತ್ತು ಗಂಟೆಯ ರೈಲಿಗೆ ಒಂಬತ್ತಕ್ಕೇ ಪ್ಲಾಟ್‌ಫಾರ್ಮಿನಲ್ಲಿ ಕೂರುವ ಪೈಕಿಯವಳು ನಾನು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಗಡಿಯಾರ ನೋಡಿ ನೋಡಿ ಕುತ್ತಿಗೆ ನೋವು ಬಂತು. ಪೊರ್ಬುಗಳು ಬೆಂಚಿನ ಮೇಲೆ ಸುಖವಾಗಿ ನಿದ್ದೆ ಹೊಡೆದರು.

ಜೀಪಿನಿಂದ ಇಳಿದ ಸಂಘದ ಅಧ್ಯಕ್ಷ ಗಟ್ಟಿಮುಟ್ಟಾದ ಆಸಾಮಿ. ತಡವಾಯಿತು ಎಂಬ ಸಂಕೋಚವೇ ಇಲ್ಲದೆ ತೋಳು ಅಗಲಿಸಿ ಬಂದು ನನ್ನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ನಮಸ್ಕಾರಕ್ಕೆಂದು ಜೋಡಿಸಿದ್ದ ನನ್ನ ಕೈಗಳು ನಮ್ಮಿಬ್ಬರ ಹೊಟ್ಟೆಗಳ ನಡುವೆ ಸಿಕ್ಕಿಕೊಂಡವು. ಐವತ್ತು ದಾಟಿದ ಮೇಲೆ ಇಂಥದೂ ನನ್ನ ಹಣೆಯಲ್ಲಿ ಬರೆದಿತ್ತೆಂದು ಗೊತ್ತಿರಲಿಲ್ಲ.

"ಇಲ್ಲಿ ಹಾಗೆಯೇ ಮಾರಾಯ್ತಿ. ಊರಲ್ಲಿ ಹೇಳ್ಲಿಕ್ಕೆ ಹೋಗ್ಬೇಡ," ಎಂದರು ಪೊರ್ಬುಗಳು.

"ನೀವು ಹೇಳದಿದ್ರೆ ಆಯ್ತು," ಎಂದೆ.

ಸೆರ್ರಿನ್ಯಾ, ಭಾನುವಾರ

ನಗರ ಬಿಟ್ಟು ಎರಡು ಗಂಟೆ ಹೋದ ಮೇಲೆ ನಮ್ಮೂರ ಹತ್ತಿರದ ಮುಡಿಪಿನ ಕಡೆಗೆ ಹೊರಟಿದ್ದೇವೆ ಎಂದೇ ಅನ್ನಿಸತೊಡಗಿತು. ಕೆಂಪು ಮಣ್ಣು, ತೆಂಗು, ಮಾವು, ಎಲ್ಲಿ ನೋಡಿದರೂ ಗೇರುಮರ. ಗೇರಿನ ಮೂಲ ಊರೇ ಇದು. ಪೋರ್ಚುಗೀಸರು ಇಲ್ಲಿಂದಲೇ ಅದನ್ನು ನಮ್ಮ ಕಡಲ ಕರೆಗೆ ತಂದದ್ದು. ನಾಲ್ಕೈದು ನೂರು ವರ್ಷ ಹಿಂದೆ ಕೊಟ್ಟ ಹೆಣ್ಣಿನ ತವರುಮನೆ ನೋಡಲು ಬಂದ ಹಾಗಾಯಿತು ನನಗೆ. ಕಣ್ಣು ಸ್ವಲ್ಪ ತೇವವೂ ಆಯಿತು, ಸುಳ್ಳು ಹೇಳುವುದಿಲ್ಲ.

ನಮ್ಮನ್ನು ಉಳಿಸಿದ್ದು ದೋನಾ ಲೂಸಿಯಾ ಎಂಬವರ ಮನೆಯಲ್ಲಿ. ದೋನಾ ಎಂದರೆ ನಮ್ಮ ಅಮ್ಮ, ಅಕ್ಕ ಎಂದ ಹಾಗೆ ಹೆಸರಿನ ಮುಂದೆ ಸೇರಿಸುವ ಗೌರವ. ಎಪ್ಪತ್ತರ ಹತ್ತಿರದ ಒಣಕಲು ದೇಹ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತದ್ದು ನಾನು ನೋಡಲಿಲ್ಲ. ಪೊರ್ಬುಗಳು ಅವರನ್ನು ಮೊದಲ ದಿನವೇ ತಮ್ಮ ಕೊಂಕಣಿ ಕ್ರಮದಲ್ಲಿ ಲೂಸಿಬಾಯಿ ಮಾಡಿಬಿಟ್ಟರು. ಅವರ ಮನೆಯಲ್ಲಿ ಮೇಜಿಗೆ, ಕಿಟಕಿ ಎಂಬ ಜನೆಲಿಗೆ, ಚಾವಿಗೆ, ಸಾಬೂನಿಗೆ ಹೆಚ್ಚುಕಡಿಮೆ ನಮ್ಮ ಹೆಸರೇ. ಈ ನಾಲ್ಕು ಶಬ್ದಗಳ ಬಲದ ಮೇಲೆ ನಾನು ಧೈರ್ಯವಾಗಿ ಸಂಸಾರ ನಡೆಸಿದೆ. ನೀರು ಬೇಕಾದಾಗಲೂ ಸಾಬೂನು ಎನ್ನುತ್ತಿದ್ದೆ, ಅವರು ಹೇಗೋ ನೀರೇ ತಂದುಕೊಡುತ್ತಿದ್ದರು.

ಮಲಗಲು ಮಂಚವಿಲ್ಲ. ಗೋಡೆಯಿಂದ ಗೋಡೆಗೆ ಕಟ್ಟಿದ ಬಟ್ಟೆಯ ಜೋಲಿ. ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳನ್ನು ಮಾತ್ರ ಜೋಲಿಯಲ್ಲಿ ಹಾಕುವುದು ಎಂದು ನಾನು ಪ್ರತಿಭಟಿಸಿದೆ. ಹತ್ತಿದ ಮೊದಲ ಸಲ ಆ ಬದಿಯಿಂದ ಉರುಳಿ ನೆಲ ಮುಟ್ಟಿದೆ. ದೋನಾ ಲೂಸಿಯಾ ಬಂದು ನನ್ನ ಎರಡೂ ಕಾಲು ಹಿಡಿದು ಓರೆಯಾಗಿ ಮಲಗಿಸಿದರು. ಆಮೇಲೆ ನನಗೆ ಬಂದಂಥ ನಿದ್ದೆ ಮದುವೆಯಾದ ಮೇಲೆ ಬಂದಿರಲಿಲ್ಲ.

ತಿನ್ನಲು ಮರಗೆಣಸಿನ ಹಿಟ್ಟಿನ ಬಿಳಿ ದೋಸೆ, ನಮ್ಮ ನೀರುದೋಸೆಯ ಸೋದರಸಂಬಂಧಿ. ಮಧ್ಯಾಹ್ನ ಅನ್ನ, ಕಾಳು, ಹುರಿದ ಮೀನು. ಖಾರದ ಸುದ್ದಿಯೇ ಇಲ್ಲ. ನಾನು ಉಪ್ಪಿನಕಾಯಿ ಬಾಟಲಿ ತೆಗೆದೆ. ದೋನಾ ಲೂಸಿಯಾ ಒಂದು ಮಿಡಿ ಕಚ್ಚಿ, ಎರಡು ಲೋಟ ನೀರು ಕುಡಿದು, ಕಣ್ಣು ಒರೆಸಿಕೊಂಡು, ಬಾಟಲಿಯನ್ನು ತಮ್ಮ ಕಪಾಟಿನೊಳಗೆ ಇಟ್ಟರು.

ಆ ಊಟದ ಹೊತ್ತಿನಲ್ಲೇ ಪೊರ್ಬುಗಳು ಶುಕ್ರವಾರದ ವಿಷಯ ಹೇಳಿದ್ದು. ಇಲ್ಲಿ ಶಾಲೆಯ ಮಕ್ಕಳ ಊಟಕ್ಕೆ ಸರಕಾರ ಸುತ್ತಲಿನ ಸಣ್ಣ ರೈತರಿಂದಲೂ ಮಾಲು ಕೊಳ್ಳುತ್ತದೆ. ದೋನಾ ಲೂಸಿಯಾ ಮತ್ತು ನೆರೆಮನೆಯ ಐದು ಹೆಂಗಸರು ಅದಕ್ಕೆ ಅರ್ಜಿ ಹಾಕಿದ್ದರು.

"ಎರಡು ವರ್ಷದಿಂದ ಆಫೀಸಿಗೆ ತಿರುಗ್ತಾ ಇದ್ದಾರಂತೆ. ಈಗ ಶುಕ್ರವಾರ ಆ ಆಫೀಸಿನ ಮೇಡಂ ಮಾಲು ನೋಡ್ಲಿಕ್ಕೆ ಬರ್ತಾರೆ. ಒಪ್ಪಿದ್ರೆ ಆರು ಮನೆಗೂ ಖಾಯಂ ಆರ್ಡರ್. ಬೀಜದ ಶೆಡ್ಡು ವರ್ಷಕ್ಕೆ ನಾಲ್ಕು ತಿಂಗಳು ಬಂದ್ ಉಂಟಲ್ಲ, ಆಗ ಇವರಿಗೆ ಬೇರೆ ದಾರಿ ಇಲ್ಲ," ಎಂದರು.

ಎಂತ ಮಾಲು ಎಂದು ನಾನು ಕೇಳಲಿಲ್ಲ. ಗೇರುಮರದಿಂದ ಬೀಜವಲ್ಲದೆ ಬೇರೆ ಎಂತ ಬರುತ್ತದೆ?

ಸೋಮವಾರ, ಶೆಡ್ಡಿನಲ್ಲಿ

ನಮ್ಮ ಫ್ಯಾಕ್ಟರಿಯಲ್ಲಿ ಕೆಲಸದ ಹೊತ್ತು ಮೆಷಿನಿನ ಟಕಟಕ ಬಿಟ್ಟರೆ ನನ್ನ ಗಂಟಲು ಮಾತ್ರ ಕೇಳುವುದು. ಇಲ್ಲಿ ರೇಡಿಯೋ ಹಾಡುತ್ತದೆ, ಅದರ ಮೇಲೆ ಹೆಂಗಸರು ಹಾಡುತ್ತಾರೆ, ಅದರ ಮೇಲೆ ಅಧ್ಯಕ್ಷ ಮಾತಾಡುತ್ತಾನೆ. ಒಬ್ಬಳಿಗೆ ಹಾಡು ಇಷ್ಟವಾದರೆ ಎದ್ದು ನಾಲ್ಕು ಹೆಜ್ಜೆ ಕುಣಿದು ಮತ್ತೆ ಬಂದು ಕೂರುತ್ತಾಳೆ. ಕೈ ಇವರದೂ ಚುರುಕು, ಆದರೆ ಕಣ್ಣು ಕೈಯ ಮೇಲೆ ಇದ್ದರೆ ತಾನೆ? ತಿರುಳು ಪಟಪಟನೆ ತುಂಡಾಗುತ್ತಿತ್ತು.

ನಮ್ಮಲ್ಲಿ ಇಡೀ ಬೀಜಕ್ಕೊಂದು ದರ, ತುಂಡಿಗೆ ಬೇರೆ ದರ, ತುಂಡು ಮಾಡಿದವಳಿಗೆ ನನ್ನ ಕಡೆಯಿಂದ ಮಂಗಳಾರತಿ. ಒಂದು ತುಂಡನ್ನು ಎತ್ತಿ ಹಿಡಿದು ಕಣ್ಣು ಕೆಕ್ಕರಿಸಿದೆ. ನನ್ನ ಎದುರಿನ ಹುಡುಗಿ ಅದನ್ನು ನನ್ನ ಬೆರಳಿಂದ ತೆಗೆದು ನನ್ನ ಬಾಯಿಗೇ ಹಾಕಿದಳು. ಇಡೀ ಶೆಡ್ಡು ನಕ್ಕಿತು. ಬಾಯಲ್ಲಿ ಗೇರುಬೀಜ ಇಟ್ಟುಕೊಂಡು ಬೈಯುವುದು ಹೇಗೆ? ಇಪ್ಪತ್ತೆಂಟು ವರ್ಷದಲ್ಲಿ ಕೆಲಸದ ಹೊತ್ತು ನಾನು ಒಂದು ಬೀಜ ಬಾಯಿಗೆ ಹಾಕಿಕೊಂಡವಳಲ್ಲ ಎಂಬುದು ಆಗ ನೆನಪಾಯಿತು.

ಸಂಜೆಯ ಹೊತ್ತಿಗೆ ತುಂಡು ಕಡಿಮೆಯಾದವು, ನಾನೂ ಸ್ವಲ್ಪ ಮೆತ್ತಗಾದೆ. ಆದರೆ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿಕೊಂಡೆ: ಒಳ್ಳೆಯ ಜನ, ಕೆಲಸದ ಕ್ರಮ ಮಾತ್ರ ಇಲ್ಲ, ಶುಕ್ರವಾರದ ಒಳಗೆ ದೋನಾ ಲೂಸಿಯಾರಿಗೆ ನಾನೇ ಏನಾದರೂ ಸಹಾಯ ಮಾಡಬೇಕು.

ಮಂಗಳವಾರ ಬೆಳಿಗ್ಗೆ

ನಾಲ್ಕೂವರೆಗೆ ಏಳುವುದು ನನ್ನ ಅಭ್ಯಾಸ. ಅಂಗಳಕ್ಕೆ ಬಂದರೆ ಜಗಲಿಯ ಮೇಲೆ ಎಂಟು ಕ್ರೇಟು ಗೇರುಹಣ್ಣು, ಬೀಜ ಸಮೇತ. ನೆರೆಮನೆಯ ಹೆಂಗಸರು ಹಿಂದಿನ ಸಂಜೆ ತಂದಿಟ್ಟದ್ದು. ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು. ಹಣ್ಣಿಗೆ ಒದ್ದೆ ಬಟ್ಟೆ ಯಾಕೆ ಎಂಬ ಪ್ರಶ್ನೆ ತಲೆಗೆ ಬರಬೇಕಿತ್ತು. ಬರಲಿಲ್ಲ. ಬೀಜ ಬಿಡಿಸದೆ ಹಾಗೇ ಬಿಟ್ಟಿದ್ದಾರಲ್ಲ, ಇವರದು ಎಂಥ ಉದಾಸೀನ ಎಂದುಕೊಂಡೆ.

ಸೆರಗು ಸಿಕ್ಕಿಸಿ ಕೂತೆ. ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಬೀಜ, ಒಂದು ತಿರುಚು. ಬೀಜ ಬುಟ್ಟಿಗೆ, ಹಣ್ಣು ಬೇಲಿಯಾಚೆ. ನಮ್ಮ ಕಡೆ ಗುಡ್ಡೆಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಹಣ್ಣಿನ ರಸ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ತಿಂದರೆ ಗಂಟಲು ಕೆರೆಯುತ್ತದೆ. ಮಕ್ಕಳು ಉಪ್ಪು ಹಚ್ಚಿ ಒಂದೆರಡು ತಿಂದಾರು, ಉಳಿದದ್ದು ದನಕ್ಕೆ, ಮಣ್ಣಿಗೆ. ಬೇಲಿಯಾಚೆ ಯಾರದೋ ಆಡುಗಳು ಸಾಲಾಗಿ ನಿಂತು ಉಪಕಾರ ಸ್ಮರಿಸಿದವು. ಆರು ಗಂಟೆಗೆ ಎಂಟೂ ಕ್ರೇಟು ಖಾಲಿ. ಬೀಜವನ್ನು ಗಾತ್ರ ನೋಡಿ ಮೂರು ಪಾಲು ಮಾಡಿ ಇಟ್ಟೆ. ಇಷ್ಟು ಚೊಕ್ಕ ಕೆಲಸ ಈ ಊರು ಕಂಡಿರಲಿಕ್ಕಿಲ್ಲ ಎಂಬ ಹೆಮ್ಮೆ ಬೇರೆ.

ದೋನಾ ಲೂಸಿಯಾ ಕೈಯಲ್ಲಿ ದೊಡ್ಡ ಪಾತ್ರೆ ಹಿಡಿದು ಹೊರಗೆ ಬಂದರು. ಕ್ರೇಟು ನೋಡಿದರು. ನನ್ನ ಬುಟ್ಟಿ ನೋಡಿದರು. ಬೇಲಿಯ ಕಡೆ ನೋಡಿದರು. ಪಾತ್ರೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಹಲ್ಲುಜ್ಜುತ್ತ ಬಂದ ಪೊರ್ಬುಗಳು ನನ್ನನ್ನು ಕೇಳಿದರು, "ಹಣ್ಣೆಲ್ಲಿ?"

ನಾನು ಆಡುಗಳನ್ನು ತೋರಿಸಿದೆ.

"ಹಣ್ಣೇ ಮಾಲು ಮಾರಾಯ್ತಿ," ಎಂದರು ಅವರು. "ಶಾಲೆಗೆ ಕೊಡ್ಲಿಕ್ಕೆ ಇರುದು ಅದರ ಜ್ಯೂಸ್. ಮಕ್ಕಳಿಗೆ ಬೀಜ ಕೊಡ್ತಾರೆ ಅಂತ ನಿನಗೆ ಯಾರು ಹೇಳಿದ್ದು?"

ಆ ಜ್ಯೂಸಿಗೆ ಕಜುಯೀನಾ ಎಂದು ಹೆಸರು. ಅದಕ್ಕೆ ಕೆಳಗೆ ಬಿದ್ದ ಹಣ್ಣು ಆಗುವುದಿಲ್ಲ, ಮರದಿಂದ ಕೈಯಲ್ಲೇ ಕೊಯ್ಯಬೇಕು, ಕೊಯ್ದದ್ದನ್ನು ಮರುದಿನ ಬೆಳಿಗ್ಗೆಯೊಳಗೆ ಹಿಂಡಬೇಕು. ಆರು ಮನೆಯ ಸಿಹಿಮರಗಳಲ್ಲಿ ಹಣ್ಣಾದದ್ದೆಲ್ಲ ಆ ಎಂಟು ಕ್ರೇಟುಗಳಲ್ಲಿತ್ತು. ಶುಕ್ರವಾರಕ್ಕೆ ನಲವತ್ತು ಬಾಟಲಿ ತೋರಿಸುತ್ತೇವೆಂದು ಅರ್ಜಿಯಲ್ಲಿ ಬರೆದಾಗಿತ್ತು. ಆ ಮರಗಳಲ್ಲಿ ಮತ್ತೆ ಹಣ್ಣಾಗಲು ನಾಲ್ಕೈದು ದಿನ ಬೇಕು.

ನಮ್ಮ ಊರಿನಲ್ಲಾಗಿದ್ದರೆ ಏಳು ತಲೆಮಾರು ಎಳೆದು ಬೈಯುತ್ತಿದ್ದರು, ಬೈಯಲೇಬೇಕು. ಇಲ್ಲಿ ನೆರೆಮನೆಯವರು ಒಬ್ಬೊಬ್ಬರಾಗಿ ಬಂದರು, ನೋಡಿದರು, ನನ್ನ ಬೆನ್ನು ತಟ್ಟಿದರು. ಒಬ್ಬಳು ನಕ್ಕಳು ಕೂಡ. ದೋನಾ ಲೂಸಿಯಾ ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು.

ಬುಧವಾರ, ಮನೆಯಿಂದ ಮನೆಗೆ

ಸಂಘದ ಹೊರಗಿನ, ದೂರದ ಮನೆಗಳಲ್ಲಿ ಹಣ್ಣು ಕೇಳುವುದೆಂದು ತೀರ್ಮಾನವಾಯಿತು. ಪೊರ್ಬುಗಳು ಮೆಷಿನ್ ಬದಿಗಿಟ್ಟು ಜೀಪು ಹತ್ತಿದರು. ದೋನಾ ಲೂಸಿಯಾ ಚರ್ಚಿಗೆ ಹೋಗುವ ಉಡುಪು ಹಾಕಿಕೊಂಡರು. ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ಹಿಂದೆ ಕೂತೆ.

ಮೊದಲ ಮನೆಯಲ್ಲಿ ಕೂರಿಸಿದರು, ಕಾಫಿ ಕೊಟ್ಟರು. ಮೊಣಕಾಲು ನೋವಿನ ಸುದ್ದಿ, ಮಗಳ ಬಾಣಂತನ, ಪಾದ್ರಿಗಳ ಹೊಸ ಮೋಟರ್‌ಸೈಕಲ್. ಅರ್ಧ ಗಂಟೆಯಾದರೂ ಹಣ್ಣಿನ ಮಾತಿಲ್ಲ. ನಾನು ಪೊರ್ಬುಗಳನ್ನು ತಿವಿದೆ.

"ವಿಷಯ ಕೇಳಿ ಪೊರ್ಬುಗಳೇ, ಹೊತ್ತು ಹೋಗ್ತಾ ಉಂಟು."

"ನೀನು ಬಾಯಿ ಮುಚ್ಚಿ ಕೂತ್ಕೊಂಡ್ರೆ ಹಣ್ಣು ಬರ್ತದೆ," ಎಂದರು.

ಬಂತು. ನಾವು ಏಳುವ ಹೊತ್ತಿಗೆ ಆ ಮನೆಯ ಗಂಡಸು ಹಿತ್ತಿಲಿನಿಂದ ಒಂದು ಬಕೆಟ್ ತಂದು ಜೀಪಿನಲ್ಲಿಟ್ಟ. ಯಾರೂ ಕೇಳಿರಲಿಲ್ಲ. ಸುದ್ದಿ ಆಡುಗಳಿಗಿಂತ ಬೇಗ ಊರು ಸುತ್ತಿತ್ತು, ಅವನಿಗೆ ಎಲ್ಲ ಗೊತ್ತಿತ್ತು. ಕೇಳದೆ ಕೊಡುವುದು ಕೊಡುವವನ ಮರ್ಯಾದೆ, ಕೇಳದೆ ಕೂರುವುದು ಬಂದವರ ಮರ್ಯಾದೆ. ಮಕ್ಕಳ ಜ್ಞಾನಸ್ನಾನಕ್ಕೆ, ಸಾವಿಗೆ, ಹಬ್ಬಕ್ಕೆ ದೋನಾ ಲೂಸಿಯಾರ ಕಜುಯೀನಾ ಕುಡಿಯದ ಮನೆ ಆ ಸುತ್ತಿನಲ್ಲಿರಲಿಲ್ಲ. ಕುದ್ರೋಳಿಯಲ್ಲೂ ನನ್ನ ಅತ್ತೆಯ ಕಾಲದಲ್ಲಿ ಒಂದು ತೆಂಗಿನಕಾಯಿ ಬೇಕಾದರೆ ಗೋಡೆಯ ಮೇಲಿಂದ ನೆರೆಮನೆಯ ಆಯಿಶಾಳ ಹತ್ತಿರ ಅರ್ಧ ಗಂಟೆ ಮಾತಾಡಿಯೇ ತರುತ್ತಿದ್ದದ್ದು. ಈಗ ಫೋನು ಮಾಡಿದರೆ ಹತ್ತು ನಿಮಿಷದಲ್ಲಿ ಸುಲಿದ ಕಾಯಿ ಬಾಗಿಲಿಗೆ ಬರುತ್ತದೆ, ಮಾತು ಬರುವುದಿಲ್ಲ.

ಏಳು ಮನೆ, ಏಳು ಕಾಫಿ, ಒಂದೊಂದರಲ್ಲೂ ಪಾಯಸದಷ್ಟು ಸಕ್ಕರೆ. ನನ್ನ ಸೀರೆಯನ್ನು ಎಲ್ಲರೂ ಮುಟ್ಟಿ ನೋಡಿದರು. ಗಂಡನ ಫೋಟೋ ನೋಡಿ ಒಬ್ಬಳು ಏನೋ ಹೇಳಿದಳು, ಪೊರ್ಬುಗಳು ಅದನ್ನು ತಿಳಿಸಲೇ ಇಲ್ಲ.

ಮಧ್ಯಾಹ್ನ ಹಿಂಡಲು ಕೂತೆವು. ಹಿಂಡಿದ ರಸಕ್ಕೆ ಜಿಲೆಟಿನ್ ನೀರು ಹಾಕಿದರೆ ಹಾಲು ಒಡೆದ ಹಾಗೆ ಒಡೆಯುತ್ತದೆ. ಗಂಟಲು ಕೆರೆಯುವ ಅಂಶವೆಲ್ಲ ಮುದ್ದೆಯಾಗಿ ಬೇರೆಯಾಗುತ್ತದೆ. ಅದನ್ನು ದಪ್ಪ ಬಟ್ಟೆಯಲ್ಲಿ ಹನಿಹನಿಯಾಗಿ ಸೋಸಿ, ಬಾಟಲಿಗೆ ತುಂಬಿ, ಬಾಟಲಿಗಳನ್ನೇ ಹಂಡೆಯ ನೀರಿನಲ್ಲಿ ಕುದಿಸಬೇಕು. ನೀರಿನಂತಿದ್ದ ರಸ ಕುದಿದು ಕುದಿದು ಜೇನಿನ ಬಣ್ಣಕ್ಕೆ ತಿರುಗಿತು. ಬಟ್ಟೆ ಹಿಡಿಯುವ ಕೆಲಸ ನನ್ನದು. ತೋಳು ಸೋತರೂ ಬಿಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಇಪ್ಪತ್ತೆರಡು ಬಾಟಲಿಯಾಯಿತು. ನಲವತ್ತಾಗಲಿಲ್ಲ, ಗುರುವಾರ ಹೋಗಿ ಕೇಳಲು ಬೇರೆ ಮನೆಯೂ ಉಳಿದಿರಲಿಲ್ಲ.

ಶುಕ್ರವಾರ

ಹತ್ತಕ್ಕೆ ಬರಬೇಕಾದ ಮೇಡಂ ಎರಡಕ್ಕೆ ಬಂದರು. ಎಲ್ಲರಿಗೂ ಮುತ್ತಿಟ್ಟರು, ನನಗೂ. ದೋನಾ ಲೂಸಿಯಾ ಗಾಜಿನ ಲೋಟದಲ್ಲಿ ಕಜುಯೀನಾ ಕೊಟ್ಟರು. ಮೇಡಂ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು, ಮತ್ತೆ ಪೂರ್ತಿ ಕುಡಿದರು. ಆರು ಹೆಂಗಸರೂ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆಮೇಲೆ ಅವರು ಕಾಗದ ತೆಗೆದು ಬಾಟಲಿ ಎಣಿಸಿದರು. ಪೊರ್ಬುಗಳು ನನ್ನ ಕಿವಿಯಲ್ಲಿ ಅನುವಾದ ಮಾಡುತ್ತ ಹೋದರು.

"ರುಚಿಗೆ ಎಂತದೂ ಹೇಳ್ಲಿಕ್ಕಿಲ್ಲ ಹೇಳ್ತಾರೆ. ಆದ್ರೆ ನಲವತ್ತು ಬರೆದು ಇಪ್ಪತ್ತೆರಡು ಇಟ್ಟಿದ್ದೀರಿ, ಒಂದು ದಿನದ ಸ್ಯಾಂಪಲ್ಲಿಗೇ ಹೀಗಾದ್ರೆ ಮಕ್ಕಳಿಗೆ ದಿನಾ ಕೊಡುದು ಹೇಗೆ ಅಂತ ಕೇಳ್ತಾರೆ. ಮುಂದಿನ ವರ್ಷ ನೋಡುವ ಅಂತ."

ಯಾರೂ ನನ್ನ ಕಡೆ ತಿರುಗಲಿಲ್ಲ. ದೋನಾ ಲೂಸಿಯಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಏನೋ ಹೇಳಿದರು.

"ಎಂತ ಹೇಳಿದ್ರು?"

"ತಪ್ಪು ತನ್ನದು ಅಂತ. ಪ್ರಾಯ ಆಯ್ತು, ಹಣ್ಣು ಬಿಸಿಲಿಗೆ ಬಿಟ್ಟೆ ಅಂತ. ನೀನು ಸುಮ್ಮನೆ ಕೂತ್ಕೋ ರೇವತಿ. ಅಧ್ಯಕ್ಷ ಇಲ್ಲೇ ಇದ್ದಾನೆ. ಇನ್ನೂ ಹತ್ತು ಮೆಷಿನಿನ ಮಾತು ನಡೀತಾ ಉಂಟು. ಊರಿಂದ ಬಂದ ಎಕ್ಸ್‌ಪರ್ಟೇ ಹಾಳು ಮಾಡಿದ್ದು ಅಂತ ಹೇಳಿದ್ರೆ ಧಣಿಗಳಿಗೆ ಎಂತ ಹೇಳ್ತಿ?"

ಧಣಿಗಳ ಮುಖ ಒಂದು ಕ್ಷಣ ಕಣ್ಣೆದುರು ಬಂತು, ನಿಜ. ಆದರೆ ಎರಡು ವರ್ಷ ಆಫೀಸಿಗೆ ಅಲೆದ ಮುದುಕಿ ನನ್ನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ನಿಂತಿದ್ದಳು. ನಾನು ಎದ್ದು ನಿಂತೆ.

"ಪೊರ್ಬುಗಳೇ, ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ. ಹಣ್ಣು ಎಸೆದದ್ದು ನಾನು. ಎಂಟು ಕ್ರೇಟು. ಇವರದ್ದು ಎಂತ ತಪ್ಪೂ ಇಲ್ಲ."

ಮೇಡಂ ನನ್ನನ್ನು ನೋಡಿದರು. ಯಾಕೆ ಎಸೆದಿರಿ ಎಂದು ಕೇಳಿದರು.

"ನಮ್ಮ ಊರಲ್ಲಿ ಎಲ್ಲರೂ ಎಸೀತಾರೆ. ನಮಗೆ ಬೀಜ ಮಾತ್ರ ಬೇಕಾದ್ದು. ಹಣ್ಣು ಮರದ ಬುಡದಲ್ಲೇ ಕೊಳೀತದೆ."

"ಗೋವಾದಲ್ಲಿ ಫೆನಿ ಮಾಡ್ತಾರೆ ಅಂತ ಸೇರಿಸ್ಲಾ?" ಎಂದರು ಪೊರ್ಬುಗಳು, ಊರಿನ ಮಾನ ಉಳಿಸಲು.

"ಶಾಲೆ ಮಕ್ಕಳ ಮಾತಿಗೆ ಕೂತಲ್ಲಿ ಶರಾಬಿನ ಸುದ್ದಿ ಯಾಕೆ? ಇದ್ದದ್ದು ಹೇಳಿ."

ಹೇಳಿದರು. ಮೇಡಂ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಎಂಟೂ ಕ್ರೇಟು ಹೋದರೆ ಈ ಇಪ್ಪತ್ತೆರಡು ಬಾಟಲಿ ಎಲ್ಲಿಂದ ಬಂತು ಎಂದು ಕೇಳಿದರು. ಈಗ ಆರು ಹೆಂಗಸರೂ ಒಟ್ಟಿಗೆ ಮಾತಾಡಿದರು, ಕೈ ಬೀಸಿ, ಏಳು ಮನೆಗಳ ಹೆಸರು ಹೇಳಿ. ಮೇಡಂ ಅವನ್ನೆಲ್ಲ ಬರೆದುಕೊಂಡರು. ಅರ್ಜಿ ಹಾಕಿದ್ದು ಆರು ಮನೆ, ಆದರೆ ಬೇಕಾದಾಗ ಹದಿಮೂರು ಮನೆ ನಿಲ್ಲುತ್ತದೆ ಎಂದು ಬರೆಯುತ್ತೇನೆ ಎಂದರು. ಒಂದು ಶಾಲೆಯಿಂದ ಶುರು ಮಾಡುವ, ಮುಂದಿನ ಸೋಮವಾರದಿಂದ.

ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅಧ್ಯಕ್ಷ ರೇಡಿಯೋ ಜೋರು ಮಾಡಿದ. ಮೆಷಿನಿನ ಮಾತು ಅವನಿಗೆ ಮರೆತೇ ಹೋದಂತಿತ್ತು. ನಾನು ಗೋಡೆಗೆ ಒರಗಿದೆ.

ದೋನಾ ಲೂಸಿಯಾ ಮಾತ್ರ ಕುಣಿಯಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ಸೀದಾ ಬಂದು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಎದುರು ನಿಲ್ಲಿಸಿ ಬೈಯತೊಡಗಿದರು. ಎಂಟು ಕ್ರೇಟು ಹೋದಾಗ ಕಾಫಿ ಕೊಟ್ಟ ಹೆಂಗಸು ಈಗ ಮುಖ ಕೆಂಪು ಮಾಡಿಕೊಂಡು, ಮೇಜು ಗುದ್ದಿ, ಉಸಿರು ಕಟ್ಟುವಷ್ಟು ಬೈಯುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಮೇಡಂ ಎದುರು ಹೇಳಿದ್ದಕ್ಕೆ ಸಿಟ್ಟಾ?" ಎಂದು ಬಾಗಿಲಲ್ಲಿದ್ದ ಪೊರ್ಬುಗಳನ್ನು ಕೇಳಿದೆ.

"ಅದಕ್ಕಲ್ಲ. ನಿನ್ನ ಊರಿನ ಹಣ್ಣಿಗೆ. ಇಷ್ಟು ವರ್ಷ ಎಲ್ಲ ಎಸೆದ್ರಾ, ಒಂದು ಸಲ ಕೂಡ ಹಿಂಡಿ ನೋಡ್ಲಿಲ್ವಾ, ಅಲ್ಲಿ ಮಕ್ಕಳಿಗೆ ಬಾಯಾರುದಿಲ್ವಾ ಅಂತ ಕೇಳ್ತಾರೆ. ಉಳಿದದ್ದು ಶುದ್ಧ ಬೈಗಳು, ಅದನ್ನು ನಾನು ನಿನಗೆ ಹೇಳುದಿಲ್ಲ."

ತಲೆ ತಗ್ಗಿಸಿ ನಿಂತೆ. ನನಗೆ ನಾಚಿಕೆಯೂ ಇತ್ತು, ಈ ಮುದುಕಿಯ ಮೇಲೆ ಹೇಳಲಾರದಷ್ಟು ಪ್ರೀತಿಯೂ ಇತ್ತು. ಬೈದು ಸುಸ್ತಾದ ಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ನಮ್ಮಲ್ಲಿ ಹಣ್ಣಾಗುವುದು ಯಾವಾಗ? ಮಾರ್ಚಿನಲ್ಲಿ ಎಂದೆ. ಬೆರಳು ಮಡಿಸಿ ಎಣಿಸಿದರು, ಸೋಸುವ ಬಟ್ಟೆಯನ್ನು ಗೂಟದಿಂದ ತೆಗೆದು ನನ್ನ ಕೈಗೆ ಕೊಟ್ಟರು, ಉಳಿದಿದ್ದ ನಾಲ್ಕು ಹಣ್ಣು ನನ್ನ ಮುಂದಿಟ್ಟರು.

"ಐದು ತಿಂಗಳು ಉಂಟಲ್ಲ," ಎಂದು ಅನುವಾದಿಸಿದರು ಪೊರ್ಬುಗಳು, "ನಿನ್ನಂಥವಳಿಗೆ ಕಲೀಲಿಕ್ಕೆ ಅಷ್ಟು ಬೇಕು ಹೇಳ್ತಾರೆ. ಈಗಲೇ ಕೂತ್ಕೊಳ್ಬೇಕಂತೆ."